ಕಟ್ಟೆಗೊಂದು ಗಾಜಿನ ಬಾಗಿಲು

ಸಾಧನಕೇರಿ ಕಡೆ ಇರುವ ನಮ್ಮ ಕಾಕಾ ನಿವೃತ್ತ ಗಣಿತ ಮಾಸ್ತರರು. ಸಂಜೆಯಾದರೆ ಕಟ್ಟೆಯ ಮೇಲೆ, ರಾತ್ರಿಯಾದರೆ ಯೂಸ್‌ನೆಟ್ಟಿನ ಮೇಲೆ, ಅಂದರೆ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ದಾಟುವ ಹಳೇ ಹರಟೆ ಗುಂಪುಗಳ ಮೇಲೆ. ಕಪ್ಪು ಪರದೆ, ಬಿಳಿ ಅಕ್ಷರ. ಒಂದು ಕೈಯಲ್ಲಿ ಗಿರ್ಮಿಟ್ಟಿನ ಪ್ಲೇಟು, ಇನ್ನೊಂದು ಕೈಯ ಒಂದೇ ಬೆರಳು ಸ್ಪೇಸ್ ಬಾರಿನ ಮೇಲೆ. ಒತ್ತಿದರೆ ಮುಂದಿನ ಮಾತು. ರೆಕ್.ಮ್ಯೂಸಿಕ್.ಇಂಡಿಯನ್.ಕ್ಲಾಸಿಕಲ್ ಅಂತೊಂದು ಗುಂಪಿದೆ. ಅಲ್ಲಿ ಮಲ್ಲಿಕಾರ್ಜುನ ಮನಸೂರರ ಬಗ್ಗೆ ಯಾರು ಏನು ಬರೆದರೂ ಕಾಕಾ ತಪ್ಪು ಹುಡುಕುತ್ತಾರೆ. ಸಿಕ್ಕರೆ ನಿದ್ದೆ ಚಲೋ ಬರುತ್ತದೆ.

ಹಿಂಗಿರಬೇಕಾದರೆ ಹುಬ್ಬಳ್ಳಿಯಲ್ಲಿ ಸ್ಟಾರ್ಟಪ್ ಇಟ್ಟ ನನ್ನ ತಮ್ಮನ ಮಗ ಬಂದ.

"ಕಾಕಾ, ಇದು ಮಂದಿಗೆ ಸಿಗವಲ್ದು. ನಾ ಬ್ರೌಸರಿನಾಗ ತರ್ತೀನಿ. ಭಾಳ ಸುಲಭ ಆಗ್ತದ."

ಕಾಕಾ ಗಾಬರಿಯಾದರು. ನಮ್ಮ ಬಸ್‌ಸ್ಟ್ಯಾಂಡುಗಳಲ್ಲಿ 'ಸುಲಭ' ಅಂತ ಬೋರ್ಡು ಇದ್ದ ಕಡೆಯಲ್ಲೆಲ್ಲ ಬಾಗಿಲಿಗೆ ಒಬ್ಬ ಕೈ ಚಾಚಿ ಕೂತಿರುತ್ತಾನೆ ಅನ್ನುವುದು ಅವರ ಅನುಭವ.

ಹುಡುಗನಿಗೆ ಗೊತ್ತಿರದ ಮಾತು ಏನೆಂದರೆ, ಯೂಸ್‌ನೆಟ್ ಹುಟ್ಟಿದ್ದೇ ಕಟ್ಟೆಯ ಹಾಗೆ. 1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಟಾಮ್ ಟ್ರಸ್ಕಾಟ್, ಜಿಮ್ ಎಲ್ಲಿಸ್ ಎಂಬ ಇಬ್ಬರು ವಿದ್ಯಾರ್ಥಿಗಳಿಗೆ ಹೊಳೆದ ವಿಚಾರ. ಒಂದು ಕಂಪ್ಯೂಟರು ರಾತ್ರಿ ಇನ್ನೊಂದಕ್ಕೆ ಫೋನು ಹಚ್ಚಿ, "ಹೊಸಾದು ಏನೈತಿ?" ಅಂತ ಕೇಳುವುದು, ತನ್ನಲ್ಲಿ ಇಲ್ಲದ್ದನ್ನು ನಕಲು ಮಾಡಿಕೊಳ್ಳುವುದು, ಅದನ್ನೇ ಮುಂದಿನ ಮನೆಗೆ ದಾಟಿಸುವುದು. ರಾತ್ರಿಯೇ ಯಾಕೆ? ಆಗ ಫೋನ್ ದರ ಕಡಿಮೆ. ಎಲ್ಲರ ಹತ್ತಿರ ಪ್ರತಿ, ಯಾರ ಹತ್ತಿರವೂ ಬೀಗವಿಲ್ಲ. ಮುಂಜಾನೆ ಲೈನ್ ಬಜಾರಿನಲ್ಲಿ ಬಿಟ್ಟ ಸುದ್ದಿ ಸಂಜೆಗೆ ದುರ್ಗದಬೈಲಿನಲ್ಲಿ ಮಿರ್ಚಿ ತಿನ್ನುತ್ತಿರುತ್ತದಲ್ಲ, ಹಂಗೇ.

ಇನ್ನೂ ಮಜಾ ಅಂದರೆ, 1991ರ ಆಗಸ್ಟಿನಲ್ಲಿ ಟಿಮ್ ಬರ್ನರ್ಸ್-ಲೀ ತಮ್ಮ ವರ್ಲ್ಡ್ ವೈಡ್ ವೆಬ್ ಬಗ್ಗೆ ಡಂಗುರ ಹೊಡೆದದ್ದು ಯೂಸ್‌ನೆಟ್ಟಿನ ಗುಂಪೊಂದರಲ್ಲೇ. ತೊಟ್ಟಿಲು ತೂಗಿದ ಅಜ್ಜಿಗೆ ಈಗ ಮೊಮ್ಮಗ ಗೇಟ್ ಪಾಸ್ ಮಾಡಿಸಿಕೊಡಲು ಹೊರಟಿದ್ದ.

ತಿಂಗಳೊಪ್ಪತ್ತಿನಲ್ಲಿ ಸೈಟು ತಯಾರಾಯಿತು. ಉದ್ಘಾಟನೆ ಕಾಕಾ ಅವರ ಬೆರಳಿನಿಂದ. ಮೊದಲು ಮೊಬೈಲ್ ನಂಬರ್ ಕೇಳಿತು. ಓಟಿಪಿ ಬಂತು, ಕನ್ನಡಕ ಹುಡುಕುವುದರೊಳಗೆ ಅವಧಿ ಮುಗಿಯಿತು. ಇನ್ನೊಮ್ಮೆ ಬಂತು. ಆಮೇಲೆ 'ನೀವು ರೋಬೋ ಅಲ್ಲವೆಂದು ತೋರಿಸಿ' ಅಂತ ಒಂಬತ್ತು ಚೌಕದ ಚಿತ್ರ. ಝೀಬ್ರಾ ಪಟ್ಟಿ ಇರುವ ಚೌಕಗಳನ್ನು ಆರಿಸಬೇಕಂತೆ.

"ತಮ್ಮಾ, ಹುಬ್ಬಳ್ಳಿ-ಧಾರವಾಡದಾಗ ಅದನ್ನ ಎಂದರ ಕಂಡಿದ್ರ ತಾನ ನಾ ಗುರ್ತ ಹಿಡಿಯೋದು?"

ಮೂರನೇ ಸಲಕ್ಕೆ ಕಾಕಾ ಮನುಷ್ಯರೆಂದು ತೀರ್ಮಾನವಾಯಿತು. ನೀವು ಈಗ ಎಲ್ಲಿದ್ದೀರಿ ಅಂತ ಕೇಳಿತು. ಆ್ಯಪ್ ಹಾಕಿಕೊಳ್ಳಿ ಅಂತ ದುಂಬಾಲು ಬಿತ್ತು. ಎಲ್ಲ ಮುಗಿದು ಪುಟದ ನಡುವೆ ಎಂಟು ಸಾಲಿನ ಒಂದು ಹಳೇ ಮಾತು ಕಾಣಿಸಿತು. ಕಾಣಿಸಿದ್ದು ಮೂರೇ ಸಾಲು. ಉಳಿದ ಐದು ಸಾಲು ಹಿಂದಿನವರ ಮಾತನ್ನು ಎತ್ತಿ ಬರೆದದ್ದು ಅಂತ ಮೂರು ಚುಕ್ಕೆಯೊಳಗೆ ಮಡಚಿ ಇಟ್ಟಿತ್ತು. ಯಾವ ಮಾತಿಗೆ ಉತ್ತರ ಅಂತ ತಿಳಿಯದ ಮೇಲೆ ಜಗಳದಲ್ಲಿ ಏನು ಸ್ವಾರಸ್ಯ?

ಪುಟದ ತೂಕ ಎಷ್ಟು ಅಂತ ಕಾಕಾ ಕೇಳಿದರು. ಮೂರು ಎಂಬಿ ಅಂದ ಹುಡುಗ, ಹೆಮ್ಮೆಯಿಂದ. ಕಾಕಾ ಪಂಚಾಂಗದ ಹಿಂದೆ ಲೆಕ್ಕ ಹಾಕಿದರು. ಕಂಪ್ಯೂಟರನ್ನು ಫೋನಿಗೆ ಜೋಡಿಸುವ ಮೊದಲಿನ ಮೋಡೆಮ್ಮು 300 ಬಾಡ್, ಅಂದರೆ ಸೆಕೆಂಡಿಗೆ ಸುಮಾರು 30 ಅಕ್ಷರ. ಎಂಟು ಸಾಲು ಕಾಲು ನಿಮಿಷದಲ್ಲಿ ಬಂದುಬಿಡುತ್ತಿತ್ತು. "ನಿನ್ನ ಪುಟಾ ಬರಾಕ 28 ತಾಸು ಹಿಡೀತಿತ್ತು. ಅಷ್ಟೊತ್ತಿಗೆ ನಾ ನಡಕೊಂಡ ಹುಬ್ಬಳ್ಳಿಗೆ ಹೋಗಿ ಬರ್ತಿದ್ನಿ."

ಮಂದಿ ಬಂದರು, ಸುಳ್ಳು ಹೇಳಬಾರದು. ಮೊದಲ ವಾರವೇ ಒಬ್ಬ ಪುಣ್ಯಾತ್ಮ 1996ರ ಒಂದು ಪ್ರಶ್ನೆಗೆ ಉತ್ತರ ಬರೆದ. ಗಂಗೂಬಾಯಿ ಹಾನಗಲ್ಲರ ಕ್ಯಾಸೆಟ್ಟು ಯಾರ ಹತ್ತಿರ ಐತಿ ಅಂತ ಯಾರೋ ಆಗ ಕೇಳಿದ್ದರು. ಈತ, "ನನ್ನ ಹತ್ರ ಐತಿ ಸರ, ನಂಬರ್ ಕಳಸ್ರಿ." ಪುಟದಲ್ಲಿ ತಾರೀಕು ಇತ್ತು, ಆದರೆ ಎಳ್ಳಿನಷ್ಟು ಸಣ್ಣ ಅಕ್ಷರದಲ್ಲಿ. ವಿನ್ಯಾಸ ಚಂದ ಕಾಣಲಿ ಅಂತ.

ಇದೇನು ನಮ್ಮ ಹುಡುಗ ಹೊಸದಾಗಿ ಕಂಡುಹಿಡಿದ ಶಾಣ್ಯಾತನವಲ್ಲ. 1995ರಲ್ಲೇ ಡೇಜಾನ್ಯೂಸ್ ಎಂಬ ಕಂಪನಿ ಯೂಸ್‌ನೆಟ್ಟನ್ನು ವೆಬ್ಬಿಗೆ ತಂದಿತ್ತು. 2001ರಲ್ಲಿ ಅದರ ಸಂಗ್ರಹವನ್ನು ಗೂಗಲ್ ಕೊಂಡಿತು. ಸಂಗ್ರಹ ಉಳಿಯಿತು, ಅದು ಉಪಕಾರವೇ. ಆದರೆ ಗೂಗಲ್ಲಿನ ಕಿಟಕಿಯಿಂದ ನೋಡಿದವರು ಮನೆಯೇ ಕಿಟಕಿಯವನದು ಅಂದುಕೊಂಡರು. ಕಡೆಕಡೆಗೆ ಅದೇ ಕಿಟಕಿಯಿಂದ ಜೂಜಿನ ಜಾಹೀರಾತು ರಾಶಿರಾಶಿ ಒಳಗೆ ಬಂದು ಬಿತ್ತು. ಸರ್ವರ್ ನಡೆಸುವವರು ಹಣೆ ಹಣೆ ಬಡಿದುಕೊಂಡರು. ಕಿಟಕಿಯವನು ಒಂದು ದಿನ ಇಣುಕಿ ನೋಡಿ, "ಛೀ, ಒಳಗೆ ಬರೇ ಕಸ" ಅಂದು 2024ರ ಫೆಬ್ರುವರಿ 22ಕ್ಕೆ ಕಿಟಕಿ ಹಾಕಿಕೊಂಡ. ಹಳೆಯದನ್ನು ನೋಡಬಹುದು, ಹೊಸ ಮಾತು ಬರುವುದಿಲ್ಲ. ಯೂಸ್‌ನೆಟ್ ಸತ್ತಿತು ಅಂತ ಮಂದಿ ಫೇಸ್‌ಬುಕ್ಕಿನಲ್ಲಿ ಶ್ರದ್ಧಾಂಜಲಿ ಬರೆದರು. 23ರ ರಾತ್ರಿ ಕಾಕಾ ಎಂದಿನಂತೆ ಕೂತಿದ್ದರು. "ಯಾಕೋ ಗದ್ದಲ ಕಡಿಮಿ ಆಗೇತಿ" ಅಂದರು, ಅಷ್ಟೇ.

ಹೋದ ವಾರ ನಮ್ಮ ಹುಡುಗನ ಸೈಟೂ ಮಲಗಿತು. ಸರ್ವರಿನ ಬಾಡಿಗೆ ಕಟ್ಟಿಲ್ಲ, ಹೂಡಿಕೆ ಮಾಡುತ್ತೇನೆಂದವರು ಫೋನು ಎತ್ತುತ್ತಿಲ್ಲ. ಹುಡುಗನಿಗೆ ತಾನು ಆ ಗುಂಪಿಗೆ ಬರೆದದ್ದೊಂದು ಅರ್ಜೆಂಟಾಗಿ ಬೇಕಾಗಿತ್ತು. ಚಿಗರಿ ಬಸ್ಸು ಹಿಡಿದು, ಲೈನ್ ಬಜಾರಿನ ಪೇಢೆ ಕಟ್ಟಿಸಿಕೊಂಡು, ರಾತ್ರಿ ಒಂಬತ್ತಕ್ಕೆ ಸಾಧನಕೇರಿಗೆ ಬಂದ.

"ಕಾಕಾ, ನಿಮ್ಮ ಕರೇ ಪರದೆದಾಗ ಒಂದು ನೋಡಬೇಕಿತ್ತು."

ಕಾಕಾ ಪೇಢೆ ಇಸಿದುಕೊಂಡರು. ಬಾಗಿಲ ಚಿಲಕದ ಮೇಲಿನ ಕೈ ತೆಗೆಯಲಿಲ್ಲ.

"ನೋಡೂಣಂತ. ಮೊದಲ ನಮ್ಮ ಓಣ್ಯಾಗ ಝೀಬ್ರಾ ಪಟ್ಟಿ ಎಲ್ಲೈತಿ ತೋರಸು."