ಮಹಾಮಾರಿ ಬಂದಾಗ ಹಾರ್ಟ್ ಅಟ್ಯಾಕ್‌ಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಕೊಡುವ, ಹೆಪ್ಪು ಕರಗಿಸುವ ಇಂಜೆಕ್ಷನ್ನೇ ಮೊದಲ ಚಿಕಿತ್ಸೆ ಆಗಬೇಕೇ?

ಪರ

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾಯಿತು. ಮೇ 10ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿ ಕೊರೊನಾದ ಒಂದೂ ಕೇಸ್ ಇರಲಿಲ್ಲ. ಆದರೆ ಹೆದರಿಕೆ ಅದಕ್ಕೂ ಮೊದಲೇ ಬಂದಿತ್ತು. ಎದೆ ಹಿಂಡಿದರೂ 'ಗ್ಯಾಸ್ಟ್ರಿಕ್ ಇರಬೇಕು, ಆಸ್ಪತ್ರೆಗೆ ಹೋದರೆ ಕೊರೊನಾ ಹತ್ತುತ್ತೆ' ಅಂತ ಜೀರಿಗೆ ಕಷಾಯ ಕುಡಿದು ಮಲಗಿದವರಿದ್ದರು. ಇದು ನಮ್ಮ ಕಡೆಯ ಕತೆ ಮಾತ್ರ ಅಲ್ಲ. ಇಂಗ್ಲೆಂಡಿನಲ್ಲಿ ಆ ಮಾರ್ಚ್ ಕೊನೆಗೆ ಹಾರ್ಟ್ ಅಟ್ಯಾಕ್‌ಗೆ ದಾಖಲಾಗುವವರು ಸುಮಾರು ಶೇ 40ರಷ್ಟು ಕಡಿಮೆಯಾದರು. ಅದೇ ಹೊತ್ತಿಗೆ ಇಟಲಿಯ ಲೊಂಬಾರ್ಡಿಯಲ್ಲಿ ಆಸ್ಪತ್ರೆಯ ಹೊರಗೇ ಹೃದಯ ನಿಂತವರು ಜಾಸ್ತಿಯಾದರು. ಕಾಯಿಲೆ ಎಲ್ಲಿಗೂ ಹೋಗಿರಲಿಲ್ಲ. ಜನ ಮನೆಯಲ್ಲೇ ಉಳಿದಿದ್ದರು, ಅಷ್ಟೆ.

ಇಂಥ ಹೊತ್ತಿನಲ್ಲಿ ಸಾಗರದವರನ್ನು 70 ಕಿ.ಮೀ. ದೂರದ ಶಿವಮೊಗ್ಗಕ್ಕೋ, ತೀರ್ಥಹಳ್ಳಿಯವರನ್ನು ಆಗುಂಬೆ ಘಾಟಿ ಇಳಿಸಿ ಮಣಿಪಾಲಕ್ಕೋ ಓಡಿಸುವುದು ಎಷ್ಟು ಸರಿ? ದಾರಿಯಲ್ಲಿ ಚೆಕ್‌ಪೋಸ್ಟ್. ಆಸ್ಪತ್ರೆ ಮುಟ್ಟಿದ ಮೇಲೆ ಸ್ವಾಬ್, ಪಿಪಿಇ ಕಿಟ್. ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯವರಿಗಂತೂ ಆಗ ಸೇತುವೆಯೂ ಇರಲಿಲ್ಲ, ಲಾಂಚ್‌ಗೆ ಕಾಯಬೇಕಿತ್ತು. ಕಟ್ಟಿಕೊಂಡ ರಕ್ತನಾಳ ತೆರೆಯುವ ಸ್ಟೆಂಟ್ ಹಾಕಲು ಎರಡು ಗಂಟೆಗಿಂತ ತಡವಾಗುವುದಾದರೆ ಮೊದಲು ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಿ ಅನ್ನುವುದು ವೈದ್ಯಕೀಯದ ಹಳೆಯ ನಿಯಮ. ಕೊರೊನಾ ಕಾಲದಲ್ಲಿ ಮಲೆನಾಡಿನ ಬಹುಪಾಲು ಹಳ್ಳಿಗಳು ಆ ಎರಡು ಗಂಟೆಯ ಆಚೆಗೇ ಇದ್ದವು.

ಟೆನೆಕ್ಟೆಪ್ಲೇಸ್ ಎಂಬ ಇಂಥ ಇಂಜೆಕ್ಷನ್ ಅನ್ನು ತೂಕ ನೋಡಿ ಒಂದೇ ಸಲಕ್ಕೆ ಕೊಟ್ಟು ಮುಗಿಸಬಹುದು. ಇಸಿಜಿ ತೆಗೆದು ಫೋನಿನಲ್ಲಿ ಕಳಿಸಿದರೆ ದೂರದ ಹೃದ್ರೋಗ ತಜ್ಞರು ನೋಡಿ ಹೇಳುತ್ತಾರೆ. 2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದೇ ದಾರಿ ಹಿಡಿದಿದೆ. ದುಬಾರಿ ಇಂಜೆಕ್ಷನ್ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. 2020ರಲ್ಲಿ ಈ ವ್ಯವಸ್ಥೆ ಇದ್ದಿದ್ದರೆ ಅಂತ ಅನಿಸದೆ ಇರುವುದಿಲ್ಲ. ಗುರುತಿನ ಡಾಕ್ಟರು, ಹತ್ತಿರದ ಆಸ್ಪತ್ರೆ ಅಂದರೆ ಹೆದರಿದವರೂ ಬರುತ್ತಾರೆ.

ವಿರೋಧ

ದೂರದ ಮಾತು ನಿಜ. ಆದರೆ ಈ ವಾದ ಎದೆನೋವಿಗೆ ಮಾತ್ರ ನಿಲ್ಲುತ್ತದೆ. ಲಕ್ವ ಹೊಡೆದವರನ್ನು ಏನು ಮಾಡುವುದು? ಮೆದುಳಿನಲ್ಲಿ ಹೆಪ್ಪುಗಟ್ಟಿದೆಯೋ, ರಕ್ತನಾಳ ಒಡೆದಿದೆಯೋ ಅಂತ ಸಿಟಿ ಸ್ಕ್ಯಾನ್ ಇಲ್ಲದೆ ಗೊತ್ತಾಗುವುದಿಲ್ಲ. ಒಡೆದಿದ್ದರೆ ಅದೇ ಇಂಜೆಕ್ಷನ್ ಪ್ರಾಣ ತೆಗೆಯುತ್ತದೆ. ಹೆಪ್ಪುಗಟ್ಟಿದ್ದರೆ ಇಂಜೆಕ್ಷನ್ ಕೊಡಲು ಸಿಗುವ ಸಮಯ ನಾಲ್ಕೂವರೆ ಗಂಟೆ. ಬಾಯಿ ಸೊಟ್ಟಗಾದ, ಕೈ ಎತ್ತಲಾಗದ ಮನುಷ್ಯನನ್ನು ಸ್ಕ್ಯಾನ್ ಇಲ್ಲದ ಕಡೆ ಮಲಗಿಸಿಕೊಂಡರೆ ಆ ಸಮಯ ಸುಮ್ನೆ ಹೋಗುತ್ತದೆ. ಅವರನ್ನು ನೇರ ಶಿವಮೊಗ್ಗಕ್ಕೇ ತರಬೇಕು. ಕೊರೊನಾ ಇರಲಿ, ಬಿಡಲಿ.

ಎದೆನೋವಿಗೂ ಇದು ಅಷ್ಟು ಸಲೀಸಲ್ಲ. ಇಂಜೆಕ್ಷನ್ ಪಡೆದ ನೂರು ಜನರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಮೆದುಳಿನಲ್ಲಿ ರಕ್ತಸ್ರಾವ ಆಗಬಹುದು, ವಯಸ್ಸಾದವರಿಗೆ ಅಪಾಯ ಇನ್ನೂ ಜಾಸ್ತಿ. ಕೊರೊನಾ ವೈರಸ್ ಹೃದಯದ ಸ್ನಾಯುವಿಗೆ ಊತ ತಂದಾಗ ಇಸಿಜಿ ಹಾರ್ಟ್ ಅಟ್ಯಾಕ್‌ನಂತೆಯೇ ಕಾಣಬಹುದು. ಅಂಥವರ ರಕ್ತನಾಳದಲ್ಲಿ ತಡೆಯೇ ಇರುವುದಿಲ್ಲ. ಆಂಜಿಯೋಗ್ರಾಂ ಮಾಡಿದರೆ ತಾನೇ ಗೊತ್ತಾಗುವುದು? ಕೆಲವರಿಗೆ ಇಂಜೆಕ್ಷನ್ ಕೊಟ್ಟರೂ ಹೆಪ್ಪು ಕರಗುವುದಿಲ್ಲ. ಅವರಿಗೆ ತಕ್ಷಣ ಕ್ಯಾತ್‌ಲ್ಯಾಬ್, ಅಂದರೆ ಆಂಜಿಯೋಗ್ರಾಂ ಮಾಡಿ ಸ್ಟೆಂಟ್ ಹಾಕುವ ಕೋಣೆ, ಬೇಕು. ಕರಗಿದವರಿಗೂ ಒಂದು ದಿನದೊಳಗೆ ಆಂಜಿಯೋಗ್ರಾಂ ಆಗಬೇಕು.

ನನಗೆ ಹೆಚ್ಚು ಭಯ ಹುಟ್ಟಿಸುವುದು ಬೇರೆಯೇ. 'ತಾಲ್ಲೂಕಿನಲ್ಲಿ ಇಂಜೆಕ್ಷನ್ ಇದೆಯಲ್ಲ' ಎಂಬ ಧೈರ್ಯದಲ್ಲಿ ದೊಡ್ಡ ಆಸ್ಪತ್ರೆಯ ಹೃದಯ ವಿಭಾಗದ ಹಾಸಿಗೆ, ನರ್ಸುಗಳು, ವೆಂಟಿಲೇಟರ್ ಎಲ್ಲವನ್ನೂ ಸೋಂಕಿನ ವಾರ್ಡಿಗೆ ಎಳೆದುಕೊಳ್ಳುವುದು ಸುಲಭವಾಗುತ್ತದೆ. ಆಗ ಹೊಸನಗರದಲ್ಲಿ ಇಂಜೆಕ್ಷನ್ ಪಡೆದವರನ್ನು ಮುಂದೆ ಎಲ್ಲಿಗೆ ಕಳಿಸುತ್ತೀರಿ? ಸೋಂಕಿನವರಿಗೆ ಬೇರೆ ಬಾಗಿಲು, ಬೇರೆ ಸಿಬ್ಬಂದಿ ಇಡಿ. ಸ್ವಾಬ್ ವರದಿಗೆ ಕಾಯದೆ, ಸೋಂಕು ಇದೆ ಅಂತಲೇ ಇಟ್ಟುಕೊಂಡು ಕಿಟ್ ಹಾಕಿ ಕೆಲಸ ಶುರು ಮಾಡಿ. ಕ್ಯಾತ್‌ಲ್ಯಾಬ್ ಮತ್ತು ಸ್ಕ್ಯಾನ್ ರೂಮನ್ನು ಎಂಥ ಅಲೆ ಬಂದರೂ ಮುಟ್ಟುವುದಿಲ್ಲ ಅಂತ ಜಿಲ್ಲಾಡಳಿತ ಮೊದಲೇ ಬರೆದುಕೊಡಲಿ.