ಮೈನಸ್ ಕಾಮಾ ಐನೂರು

ಸಿಟ್ಟು ಇಳಿಯುವ ಮೊದಲೇ ಇಲ್ಲಿ ಬರೆದುಬಿಡುತ್ತೇನೆ. ಮನೆಯಲ್ಲಿ ಹೇಳೋಣ ಅಂದರೆ "ಶುರುವಾಯ್ತಾ ಆಫೀಸ್ ಪುರಾಣ" ಅನ್ನುತ್ತಾರೆ.

ವಿಷಯ ಇಷ್ಟೇ. ನಮ್ಮ ವೆಬ್‌ಸೈಟಿನಲ್ಲಿ ಗ್ರಾಹಕರಿಗೆ ಹಣ ವಾಪಸ್ ಹೋದರೆ ಮೈನಸ್ ಹಾಕಿ ತೋರಿಸುತ್ತೇವೆ. ಹೋದ ವಾರ ಯಾರಿಗೋ ‘-,500’ ಅಂತ ಕಾಣಿಸಿತು. ಮೈನಸ್, ಕಾಮಾ, ಐನೂರು! ಲಕ್ಷ ಕೋಟಿ ಲೆಕ್ಕದಲ್ಲಿ ಕಾಮಾ ಹಾಕುವ ಫಂಕ್ಷನ್, ಅಂದರೆ ಆ ಕೆಲಸದ ಕೋಡ್ ತುಣುಕು, ಕೊನೆಯ ಮೂರು ಅಂಕಿ ಬಿಟ್ಟು ಅದರ ಹಿಂದೆ ಕಾಮಾ ಇಡುತ್ತದೆ. ಪಾಪ, ಮೈನಸ್ಸನ್ನೂ ಒಂದು ಅಂಕಿ ಅಂದುಕೊಂಡಿತ್ತು. ಹತ್ತು ನಿಮಿಷದಲ್ಲಿ ಸರಿ ಮಾಡಿದೆವು. ಇವತ್ತು ಬೆಳಿಗ್ಗೆ ನೋಡಿದರೆ ಅದೇ ‘-,500’ ಇನ್ನೊಂದು ಪೇಜಿನಲ್ಲಿ ಹಾಜರು. ಹುಡುಕಿದೆ. ಅದೇ ಕೆಲಸ ಮಾಡುವ ಫಂಕ್ಷನ್ ನಾಲ್ಕು ಕಡೆ ಇದೆ. ಹೆಸರು ಮಾತ್ರ ಬೇರೆ ಬೇರೆ. ತಪ್ಪು ನಾಲ್ಕರಲ್ಲೂ ಒಂದೇ. ನಾವು ಕೋಡ್ ಮರುಬಳಕೆ ಮಾಡುವುದಿಲ್ಲ ಅಂತ ಯಾರು ಹೇಳಿದ್ದು? ಬಗ್‌ಗಳನ್ನು ಎಷ್ಟು ಚೆನ್ನಾಗಿ ಮರುಬಳಕೆ ಮಾಡುತ್ತೇವೆ ನೋಡಿ.

ನಿಮಗೆ ಗೊತ್ತೇ ಇದೆ, ನಾನು ಹದಿನಾರು ವರ್ಷದಿಂದ ಇದೇ ಸಾಫ್ಟ್‌ವೇರ್ ಬರೆಯುವ ಕೆಲಸದಲ್ಲಿದ್ದೇನೆ. ಎಲ್ಲಿಗೆ ಹೋದರೂ ‘ರೀಯೂಸ್ ಸ್ಟ್ರಾಟಜಿ’ ಅಂತ ಒಂದು ಮೀಟಿಂಗ್ ನಡೆಯುತ್ತದೆ. ಮುಗಿದ ಮೇಲೆ, ಎಲ್ಲರೂ ಬಳಸುವ ಕೋಡ್ ಇಡೋಕೆ, ‘ಕಾಮನ್’ ಅಂತ ಒಂದು ಫೋಲ್ಡರ್ ಹುಟ್ಟುತ್ತದೆ. ಆರು ತಿಂಗಳಲ್ಲಿ ಅದು ಅಟ್ಟದ ಹಾಗೆ ಆಗುತ್ತದೆ. ಬೇಡದ್ದೆಲ್ಲ ಅಲ್ಲಿ, ಬೇಕಾದ್ದು ಸಿಗುವುದಿಲ್ಲ. ಯಾರ ಜವಾಬ್ದಾರಿ ಅಂತ ಕೇಳಿ ನೋಡಿ. ಎಲ್ಲರೂ ಮ್ಯೂಟ್.

ನಮ್ಮೂರ ದೇವಸ್ಥಾನದಲ್ಲಿ ಮದುವೆ ಮುಂಜಿಗೆ ಕೊಡುವ ಪಾತ್ರೆಗಳಿದ್ದವು. ಕೊಪ್ಪರಿಗೆ, ಹಂಡೆ, ಉದ್ದ ಹಿಡಿಯ ಸೌಟು, ಎಲ್ಲದರ ಮೇಲೂ ದೇವಸ್ಥಾನದ ಹೆಸರು ಕೆತ್ತಿಸಿತ್ತು. ಲೆಕ್ಕದ ಪುಸ್ತಕ ನಮ್ಮಪ್ಪನ ಹತ್ತಿರ. ಯಾರು ತೆಗೆದುಕೊಂಡು ಹೋದರು, ಎಷ್ಟು, ಯಾವತ್ತು ವಾಪಸ್ ಬಂತು, ಎಲ್ಲ ಅದರಲ್ಲಿ. ಕೊಡುವಾಗಲೇ ಹೇಳುತ್ತಿದ್ದರು: "ಇದರ ಕಲಾಯಿ ಹೋಗಿದೆ, ಹುಳಿ ಗಿಳಿ ಮಾಡಬೇಡಿ, ನೀರು ಕಾಯಿಸೋಕೆ ಇಟ್ಕೊಳ್ಳಿ." ರಾತ್ರಿ ಹತ್ತಕ್ಕೆ ಬಂದು ಬಾಗಿಲು ತಟ್ಟಿದರೂ ಎದ್ದು ಕೊಡುತ್ತಿದ್ದರು, ಗೊಣಗಿಕೊಂಡೇ. ಊರಲ್ಲಿ ಯಾರೂ ಸ್ವಂತ ಕೊಪ್ಪರಿಗೆ ಕೊಳ್ಳಲಿಲ್ಲ. ಪಾತ್ರೆ ಇದ್ದದ್ದಕ್ಕೆ ಅಲ್ಲ, ಅಪ್ಪ ಇದ್ದದ್ದಕ್ಕೆ.

1968ರಲ್ಲಿ ಜರ್ಮನಿಯ ಗಾರ್ಮಿಷ್‌ನಲ್ಲಿ ನಡೆದ ನೇಟೋದ ಸಾಫ್ಟ್‌ವೇರ್ ಸಮ್ಮೇಳನದಲ್ಲಿ ಕಂಪ್ಯೂಟರ್ ವಿಜ್ಞಾನಿ ಡಗ್ ಮೆಕ್‌ಇಲ್ರಾಯ್ ಅವರು ಇದನ್ನೇ ಕೇಳಿದ್ದು. ಸಾಫ್ಟ್‌ವೇರ್ ಬಿಡಿಭಾಗಗಳು ನಟ್ಟು ಬೋಲ್ಟಿನ ಹಾಗೆ ಬೇಕಾದ ಅಳತೆಯಲ್ಲಿ ಸಿಗಬೇಕು ಅಂದರು. ಅವನ್ನು ಮಾಡಿಕೊಡುವ ಒಂದು ಉದ್ಯಮವೇ ಬೇಕು ಅಂದರು. ಫೋಲ್ಡರ್ ಬೇಕು ಅನ್ನಲಿಲ್ಲ ಸ್ವಾಮಿ.

ಈಗ ನಮ್ಮ ಗೆಳೆಯರ ಬಳಗದ ಜಾಣರು ಕಾಮೆಂಟಿಗೆ ಬರುತ್ತಾರೆ, ಗೊತ್ತು. "ಕಾಪಿ ಹೊಡೆಯೋದೇ ವಾಸಿ ಗುರು, ಲೆಫ್ಟ್-ಪ್ಯಾಡ್ ಮರೆತ್ಯಾ?" ಮರೆತಿಲ್ಲ. 2016ರ ಮಾರ್ಚ್‌ನಲ್ಲಿ ಲೆಫ್ಟ್-ಪ್ಯಾಡ್ ಅನ್ನುವ, ಬೇರೆಯವರೆಲ್ಲ ಎತ್ತಿ ಬಳಸುತ್ತಿದ್ದ ಹನ್ನೊಂದು ಸಾಲಿನ ಒಂದು ಪ್ಯಾಕೇಜನ್ನು ಬರೆದವರೇ ತೆಗೆದುಹಾಕಿದಾಗ ಜಗತ್ತಿನ ಎಷ್ಟೋ ಬಿಲ್ಡ್‌ಗಳು, ಅಂದರೆ ಕೋಡ್ ಸೇರಿಸಿ ಸಾಫ್ಟ್‌ವೇರ್ ಕಟ್ಟುವ ಕೆಲಸಗಳು, ಬಿದ್ದುಹೋದವು. ಅದಕ್ಕಿಂತ ದೊಡ್ಡ ಉದಾಹರಣೆ ನಾನೇ ಕೊಡುತ್ತೇನೆ. 1996ರ ಜೂನ್ 4, ಏರಿಯಾನ್ 5 ರಾಕೆಟ್ಟಿನ ಮೊದಲ ಹಾರಾಟ. ದಿಕ್ಕು ತೋರಿಸುವ ಸಾಫ್ಟ್‌ವೇರನ್ನು ಏರಿಯಾನ್ 4ರಿಂದ ಎತ್ತಿಕೊಂಡಿದ್ದರು. ಹೊಸ ರಾಕೆಟ್ಟಿನ ಅಡ್ಡ ವೇಗ ಹಳೆಯದಕ್ಕಿಂತ ತುಂಬಾ ಜಾಸ್ತಿ. ಅದರ 64 ಬಿಟ್‌ನ ಸಂಖ್ಯೆಯನ್ನು 16 ಬಿಟ್‌ನ ಚಿಕ್ಕ ಜಾಗಕ್ಕೆ ತುರುಕುವಾಗ ಅದು 32,767ರ ಮಿತಿ ದಾಟಿತು, ದಿಕ್ಕು ತೋರಿಸುವ ಯಂತ್ರ ನಿಂತಿತು. ಬದಲಿಗೆ ಇಟ್ಟಿದ್ದ ಇನ್ನೊಂದು ಯಂತ್ರದಲ್ಲೂ ಅದೇ ಸಾಫ್ಟ್‌ವೇರ್, ಅದೂ ನಿಂತಿತು. ಸುಮಾರು 40 ಸೆಕೆಂಡಿಗೆ ರಾಕೆಟ್ ಚೂರಾಯಿತು. ತಮಾಷೆ ಅಂದರೆ, ಆ ಲೆಕ್ಕ ನೆಲ ಬಿಟ್ಟ ಮೇಲೆ ಹೊಸ ರಾಕೆಟ್ಟಿಗೆ ಬೇಕೇ ಇರಲಿಲ್ಲ.

ಇದನ್ನು ನೋಡಿ ‘ಮರುಬಳಕೆಯೇ ತಪ್ಪು’ ಅನ್ನುವವರಿಗೆ ಕೈ ಮುಗಿಯುತ್ತೇನೆ. ಆ ಸಂಖ್ಯೆ ಮಿತಿ ದಾಟಿದರೆ ಅಂತ ರಕ್ಷಣೆ ಬೇಡ ಅಂತ ಹಿಂದೆ ಯಾರೋ ಯೋಚಿಸಿಯೇ ಬಿಟ್ಟಿದ್ದರು. ಹಳೆಯ ರಾಕೆಟ್ಟಿಗೆ ಅದು ಸರಿಯೇ ಇತ್ತು. ಆದರೆ ಯಾಕೆ ಬಿಟ್ಟರು ಅನ್ನುವುದು ಕೋಡ್‌ನಲ್ಲಿ ಎಲ್ಲೂ ಸಿಗಲಿಲ್ಲ ಅಂತ ತನಿಖಾ ವರದಿಯಲ್ಲಿದೆ. ಕಲಾಯಿ ಹೋಗಿದೆ ಅಂತ ಹೇಳದೆ ಪಾತ್ರೆ ಕೊಟ್ಟರು, ಇವರು ಹುಳಿ ಕುದಿಸಿದರು. ಅಷ್ಟೇ.

ಇನ್ನು ಅಸಲಿ ಕಥೆ. ಹೇಳಲೋ ಬೇಡವೋ ಅಂತ ಮಧ್ಯಾಹ್ನದಿಂದ ಒದ್ದಾಡಿದ್ದೇನೆ.

ನಾಲ್ಕನೇ ಫಂಕ್ಷನ್ ಬರೆದದ್ದು ಹೊಸದಾಗಿ ಸೇರಿದ ಹುಡುಗಿ. ಆ ಕೋಡಿನ ಕೆಳಗೆ ನಾನು ಎಲ್ಲರಿಗೂ ಕಾಣುವ ಹಾಗೆ ಬರೆದೆ: "ಬರೆಯೋ ಮುಂಚೆ ಸ್ವಲ್ಪ ಹುಡುಕೋ ಅಭ್ಯಾಸ ಮಾಡ್ಕೊಳ್ಳಿ." ಬರೆದು, ಕಾಫಿಗೆ ಹೋದೆ, ಗತ್ತಿನಲ್ಲಿ. ವಾಪಸ್ ಬಂದರೆ ನನ್ನೊಬ್ಬನಿಗೇ ಒಂದು ಮೆಸೇಜ್. "ಸರ್, ಹುಡುಕಿದ್ದೆ. ಕಾಮನ್‌ನಲ್ಲಿರೋದು ನೀವು ಬರೆದದ್ದು. ಅದರ ಐದನೇ ಪ್ಯಾರಾಮೀಟರ್ ಏನು ಅಂತ ಮಾರ್ಚ್‌ನಲ್ಲೇ ಕೇಳಿದ್ದೆ." (ಪ್ಯಾರಾಮೀಟರ್ ಅಂದರೆ ಫಂಕ್ಷನ್‌ಗೆ ನಾವು ಕೊಡಬೇಕಾದ ಮಾಹಿತಿ.) ಜೊತೆಗೆ ಸ್ಕ್ರೀನ್‌ಶಾಟ್. ನನ್ನ ಉತ್ತರವೂ ಅದರಲ್ಲಿದೆ: "ನೋಡಿ ಹೇಳ್ತೀನಿ." ಆಮೇಲೆ ನಾನು ನೋಡಲೂ ಇಲ್ಲ, ಹೇಳಲೂ ಇಲ್ಲ. ಎರಡು ವಾರ ಕಾದು, ಒಳಗಿನ ಹತ್ತು ಸಾಲು ಕಾಪಿ ಮಾಡಿಕೊಂಡಳು. ಉಳಿದ ಇಬ್ಬರೂ ಹಾಗೆಯೇ ಮಾಡಿದ್ದರಂತೆ. ನಾಲ್ಕರಲ್ಲೂ ಒಂದೇ ತಪ್ಪು ಹೇಗೆ ಬಂತು ಅನ್ನುವುದು ಆಗ ಹೊಳೆಯಿತು.

ನಮ್ಮಪ್ಪ ಇದ್ದಿದ್ದರೆ ಪುಸ್ತಕ ಕಿತ್ತುಕೊಳ್ಳುತ್ತಿದ್ದರು.

ಸಾಯಂಕಾಲ ಅವಳೇ ಒಂದು ಬದಲಾವಣೆ ಕಳಿಸಿದಳು. ನಾಲ್ಕನ್ನೂ ಕಿತ್ತುಹಾಕಿದ್ದಾಳೆ. ಬ್ರೌಸರಿನೊಳಗೇ ಇರುವ, ಸಂಖ್ಯೆಗೆ ಕಾಮಾ ಹಾಕಿ ತೋರಿಸುವ ನಂಬರ್‌ಫಾರ್ಮ್ಯಾಟ್‌ಗೆ ಭಾರತದ ಲೆಕ್ಕ ಬೇಕು ಅಂತ ಒಂದು ಸಾಲಿನಲ್ಲಿ ಹೇಳಿದ್ದಾಳೆ. 12,34,567 ಸರಿಯಾಗಿ ಬರುತ್ತದೆ, ಮೈನಸ್ ಐನೂರೂ ಸರಿಯಾಗಿ ಬರುತ್ತದೆ. ಅದಕ್ಕೆ ನೋಡಿಕೊಳ್ಳುವವರಿದ್ದಾರೆ, ಪ್ರತಿ ಪ್ಯಾರಾಮೀಟರ್ ಏನು ಅಂತ ಬರೆದಿಟ್ಟಿದ್ದಾರೆ. ಅದು ಇದೆ ಅಂತ ನನಗೂ ಗೊತ್ತಿತ್ತು. ನನ್ನದೇ ಇರಲಿ ಅಂತ ಸುಮ್ನೆ ಇದ್ದೆ.

ಅವಳ ಹತ್ತಿರ ಸಾರಿ ಕೇಳಿದೆ, ಎಲ್ಲರಿಗೂ ಕಾಣುವ ಕಡೆಯೇ. ಅಪ್ರೂವ್ ಒತ್ತುವ ಮೊದಲು ತೆಗೆದದ್ದು ಅಂತ ಕೆಂಪಾಗಿ ಕಾಣುತ್ತಿದ್ದ ನನ್ನ ಸಾಲುಗಳನ್ನು ಇನ್ನೊಮ್ಮೆ ಮೇಲಿಂದ ಕೆಳಗೆ ಓದಿದೆ. ಆ ಐದನೇ ಪ್ಯಾರಾಮೀಟರ್ ಏನಕ್ಕೆ ಇಟ್ಟಿದ್ದೆ ಅಂತ ನನಗೂ ನೆನಪಾಗಲಿಲ್ಲ.