60ರ ವೇಗದಲ್ಲೇ ಎಚ್ಚರ ಇರೋ ಕಾರು

ಮೊದಲೇ ಹೇಳಿಬಿಡ್ತೀನಿ, ಹಳೇ ಸ್ಪೋರ್ಟ್ಸ್ ಕಾರುಗಳಲ್ಲಿ ಬಹುಪಾಲು ಒಳ್ಳೆ ಗಾಡಿಗಳೇ ಅಲ್ಲ. ಬೈಯೋರು ಈಗಲೇ ಬೈದು ಮುಗಿಸಿಬಿಡಿ.

ಎಣ್ಣೆ ಸೋರೋದು, ಹೊರಗೆ ಬಿದ್ದ ಮಳೆ ಒಳಗೂ ಬೀಳೋದು, ಚಳಿ ಬೆಳಗಿನಲ್ಲಿ ಚೋಕ್ ಎಳೆದು ಎಷ್ಟು ಓಲೈಸಿದರೂ ನಾಲ್ಕು ಸಲ ಕೆಮ್ಮಿ ಸುಮ್ಮನಾಗೋದು, ಇವೆಲ್ಲ ಆಗ ಮಾಮೂಲಿ. 1961ರ ಜಿನೀವಾ ಮೋಟಾರ್ ಶೋನಲ್ಲಿ ಜಾಗ್ವಾರ್ ಇ-ಟೈಪ್ ಬಂದಾಗ ಜನ ಕಣ್ಣು ಮಿಟುಕಿಸದೆ ನೋಡಿದ್ದು ನಿಜ. ಗಂಟೆಗೆ 150 ಮೈಲಿ, ಅಂದರೆ 240 ಕಿ.ಮೀ. ಓಡುತ್ತೆ ಅಂತ ಕಂಪನಿ ಹೇಳಿಕೊಂಡಿದ್ದೂ ನಿಜ. ಆದರೆ ಆ ಮೊದಮೊದಲ ಕಾರುಗಳ ಒಂದನೇ ಗೇರಿಗೆ ಸಿಂಕ್ರೊಮೆಶ್, ಅಂದರೆ ಹಲ್ಲುಗಳ ವೇಗ ತಾನೇ ಹೊಂದಿಸಿ ಗೇರು ಕೂರಿಸೋ ವ್ಯವಸ್ಥೆ, ಇರಲಿಲ್ಲ. ಗಾಡಿ ಉರುಳ್ತಿರುವಾಗ ಅವಸರದಲ್ಲಿ ಒಂದನೇ ಗೇರಿಗೆ ತಳ್ಳಿದರೆ ಕಟಕಟ ಹಲ್ಲು ಕಡಿಯೋ ಸದ್ದು. 1954ರ ಮರ್ಸಿಡಿಸ್ 300 ಎಸ್‌ಎಲ್ ನೋಡಿ, ರೆಕ್ಕೆ ಎತ್ತಿದ ಹಾಗೆ ಬಾಗಿಲು ಮೇಲಕ್ಕೆ ತೆರೆಯೋದು. ಆ ಬಾಗಿಲು ಶೋಕಿಗೆ ಬಂದಿದ್ದಲ್ಲ. ಕೊಳವೆಗಳನ್ನ ಬೆಸೆದು ಮಾಡಿದ ಚೌಕಟ್ಟು ಪಕ್ಕದಲ್ಲಿ ಅಷ್ಟು ಎತ್ತರ ಇತ್ತು, ಮಾಮೂಲಿ ಬಾಗಿಲು ಕೂರಿಸೋಕೆ ಜಾಗವೇ ಇರಲಿಲ್ಲ. ಅದರ ಹಿಂದಿನ ಚಕ್ರಗಳ ಸ್ವಿಂಗ್ ಆಕ್ಸಲ್ (ಚಕ್ರ ಮೇಲೆ ಕೆಳಗೆ ಆಡಿದಾಗ ಅದರ ವಾಲೂ ಬದಲಾಗೋ ಜೋಡಣೆ) ಅಂತೂ, ತಿರುವಿನ ಮಧ್ಯೆ ದಿಢೀರನೆ ಎಕ್ಸಲರೇಟರಿಂದ ಕಾಲು ತೆಗೆದ ಚಾಲಕನಿಗೆ ಸರಿಯಾಗಿ ಬುದ್ಧಿ ಕಲಿಸ್ತಿತ್ತು.

ಇನ್ನೊಂದು ಸಂಗತಿ ನಾವು ಮರೀತೀವಿ. ಇವತ್ತು ನಮ್ಮ ಕಣ್ಣಿಗೆ ಬೀಳೋ ಹಳೇ ಕಾರುಗಳು ಜರಡಿ ಹಿಡಿದ ಮೇಲೆ ಉಳಿದ ಕಾಳುಗಳು. ಜೊಳ್ಳು ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು. ಆಗಿನ ಕಾಳನ್ನ ಈಗಿನ ಜೊಳ್ಳಿನ ಪಕ್ಕ ಇಟ್ಟು ತೂಗಿದರೆ ತಕ್ಕಡಿ ಯಾವ ಕಡೆ ವಾಲುತ್ತೆ ಅಂತ ಹೇಳಬೇಕಾ?

ಇಷ್ಟೆಲ್ಲ ಒಪ್ಪಿಕೊಂಡೂ, ಈಗಿನ ಸ್ಪೋರ್ಟ್ಸ್ ಕಾರುಗಳಿಗೆ ಆಗಿನವುಗಳ ಖದರು ಇದೆಯಾ ಅಂತ ಕೇಳಿದರೆ, ಬಹುತೇಕ ಇಲ್ಲ ಅಂತಲೇ ಹೇಳ್ತೀನಿ.

ಕೆಲವು ವರ್ಷದ ಹಿಂದೆ ಒಂದೇ ವಾರದಲ್ಲಿ ಎರಡು ಕಾರು ಓಡಿಸೋ ಯೋಗ ಬಂತು. ಒಂದು, ಗೆಳೆಯನ ಹತ್ತಿರ ಇರೋ 60ರ ದಶಕದ ಎರಡು ಸೀಟಿನ ಪುಟ್ಟ ಗಾಡಿ. ನಾಲ್ಕು ಗೇರು, ಪೆಟ್ರೋಲಿಗೆ ಗಾಳಿ ಬೆರೆಸೋ ಎರಡು ಕಾರ್ಬ್ಯುರೇಟರು, ನೂರು ಅಶ್ವಶಕ್ತಿಯೂ ಇಲ್ಲ. (ಕಂಪನಿ ಹೆಸರು ಬೇಡ, ಪಾಪ, ಅದರ ಮರ್ಯಾದೆ ಉಳೀಲಿ.) ಇನ್ನೊಂದು 600 ಅಶ್ವಶಕ್ತಿ ದಾಟಿದ ಹೊಚ್ಚ ಹೊಸ ಕಾರು. ಅದರ ಹೆಸರೂ ಬೇಡ.

ಹಳೇದರಲ್ಲಿ ಪವರ್ ಸ್ಟೀರಿಂಗ್ ಇಲ್ಲ. ನಿಂತಲ್ಲೇ ತಿರುಗಿಸಹೋದರೆ ಭುಜ ಬಿದ್ದುಹೋಗುತ್ತೆ. ಹೊರಟ ಮೇಲೆ ಮಾತ್ರ ಹಗುರ. ರಸ್ತೆಗೆ ಒಂದು ತೇಪೆ ಹಾಕಿದ್ದರೂ ಅಂಗೈಗೆ ಸುದ್ದಿ ಮುಟ್ಟುತ್ತೆ. ಮೂರರಿಂದ ಎರಡಕ್ಕೆ ಇಳಿಸಬೇಕಾದರೆ ನಡುವೆ ಎಕ್ಸಲರೇಟರನ್ನ ಒಂದು ಸಲ ಒತ್ತಿ ಇಂಜಿನ್ನಿನ ವೇಗ ಹೊಂದಿಸಿಕೊಳ್ಳಬೇಕು, ಇಲ್ಲಾಂದ್ರೆ ಇಡೀ ಗಾಡಿ ಮುಗ್ಗರಿಸುತ್ತೆ. ಮೊದಲ ಅರ್ಧ ಗಂಟೆ ಬರೀ ಮುಗ್ಗರಿಸಿದ್ದೇ ಆಯ್ತು. ಪಕ್ಕದಲ್ಲಿ ಗೆಳೆಯ ಮುಖ ಕಿವುಚಿಕೊಂಡು ಕೂತಿದ್ದ. ಆಮೇಲೊಂದು ತಿರುವಿನಲ್ಲಿ, ಹೆಂಗೆ ಮಾಡಿದೆನೋ, ಗೇರು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೂತುಬಿಟ್ಟಿತು. ಯಾರೋ ಬೆನ್ನು ತಟ್ಟಿದಷ್ಟು ಖುಷಿ. ಮೀಟರ್ ನೋಡಿದರೆ ನಾವಿನ್ನೂ ಗಂಟೆಗೆ 60 ಕಿ.ಮೀ. ಕೂಡ ಮುಟ್ಟಿರಲಿಲ್ಲ.

ಹೊಸ ಕಾರಿಗೆ 60 ಅಂದರೆ ನಿದ್ದೆ. ಗೇರು ಅದೇ ಬದಲಾಯಿಸಿಕೊಳ್ಳುತ್ತೆ, ಚಕ್ರ ಜಾರೋ ಮೊದಲೇ ಅದೇ ಹಿಡಿದುಕೊಳ್ಳುತ್ತೆ. ಖಾಲಿ ರಸ್ತೆ ಸಿಕ್ಕಿತು ಅಂತ ಒಂದು ಸಲ ಪೂರ್ತಿ ಒತ್ತಿದೆ. ಹೊಟ್ಟೆ ಬೆನ್ನಿಗೆ ಅಂಟಿತು. ಎರಡನೇ ಗೇರು ಮುಗಿಯೋ ಮೊದಲೇ ಕಾನೂನು ಮುಗಿದಿತ್ತು. ಗಾಬರಿಯಾಗಿ ಕಾಲು ತೆಗೆದೆ, ಗಾಡಿ ಮತ್ತೆ ನಿದ್ದೆಗೆ ಹೋಯ್ತು. ಇಳಿದ ಮೇಲೆ ಗೆಳೆಯ “ಹೆಂಗಿತ್ತೋ?” ಅಂದ. “ಜೋರಾಗಿದೆ ಕಣೋ” ಅಂದೆ. ಅದಕ್ಕಿಂತ ಹೆಚ್ಚು ಹೇಳೋಕೆ ನನ್ನ ಹತ್ತಿರ ಏನೂ ಇರಲಿಲ್ಲ. ಹಳೇ ಗಾಡಿ ಬಗ್ಗೆ ಅವತ್ತು ರಾತ್ರಿ ಇಡೀ ಮಾತಾಡಿದ್ದೆವು.

ಅವತ್ತಿಂದ ನನ್ನ ಲೆಕ್ಕ ಇಷ್ಟೇ: ಗಾಡಿ ಎಷ್ಟು ವೇಗಕ್ಕೆ ನಿಮ್ಮ ಕೈಕಾಲಿಗೆ ಕೆಲಸ ಕೊಡೋಕೆ ಶುರು ಮಾಡುತ್ತೆ? ಹಳೇದು 40ಕ್ಕೇ ಕೊಡುತ್ತೆ. ಹೊಸದು ಕೊಡೋ ಹೊತ್ತಿಗೆ 200 ದಾಟಿರುತ್ತೆ. ಆ ಕೆಲಸ ಮಾಡೋ ಯೋಗ್ಯತೆ ನಮಗಿಲ್ಲ, ಮಾಡೋಕೆ ರಸ್ತೆಯೂ ಇಲ್ಲ.

ಇದು ಹೇಗಾಯಿತು ಅಂತ ತಿಳಿಯೋಕೆ ಒಂದೇ ಕಾರಿನ ವಂಶಾವಳಿ ತೆಗೆದರೆ ಸಾಕು. ಪೋರ್ಷ 911, 1963ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನಕ್ಕೆ ಬಂದಾಗ ಅದರ ಹೆಸರು 901. ನಡುವೆ ಸೊನ್ನೆ ಇರೋ ಮೂರಂಕಿಯ ಹೆಸರು ನಮ್ಮದು ಅಂತ ಪೂಜೋ ಕಂಪನಿ ತಕರಾರು ತೆಗೆದಿದ್ದಕ್ಕೆ 911 ಆಯಿತು. ಎರಡು ಲೀಟರಿನ ಆರು ಸಿಲಿಂಡರ್ ಇಂಜಿನ್, 130 ಅಶ್ವಶಕ್ತಿ, ತೂಕ ಸುಮಾರು 1,080 ಕೆ.ಜಿ., ಟೈರಿನ ಅಗಲ 165 ಮಿಲಿಮೀಟರ್. ಇವತ್ತು ಅಂಥ ತೆಳು ಟೈರು ಹಾಕೋದು ಸಣ್ಣ ಸಾದಾ ಹ್ಯಾಚ್‌ಬ್ಯಾಕುಗಳಿಗೆ. ಈಗಿನ 911 ಸುಮಾರು 1,500 ಕೆ.ಜಿ. ತೂಗುತ್ತೆ, ಶಕ್ತಿ ಮೂರು ಪಟ್ಟಾಗಿದೆ, ಹಿಂದಿನ ಟೈರು 300 ಮಿಲಿಮೀಟರ್ ಆಸುಪಾಸು. ನನ್ನ ಪ್ರಕಾರ ಅಶ್ವಶಕ್ತಿಗಿಂತ ಈ ಟೈರೇ ದೊಡ್ಡ ಕಥೆ. ಗೋಡೆ ಎತ್ತರ ಇರೋ ತೆಳು ಟೈರು ಹಿಡಿತ ಬಿಡೋ ಮೊದಲು ಕುಂಯ್‌ಗುಟ್ಟಿ, ಸ್ವಲ್ಪ ಸ್ವಲ್ಪವೇ ಜಾರುತ್ತೆ. ನಿಮಗೆ ತಿದ್ದಿಕೊಳ್ಳೋಕೆ ಹೊತ್ತು ಇರುತ್ತೆ. ಅಗಲದ ಟೈರು ಬಹಳ ವೇಗದವರೆಗೂ ಮಿಸುಕೋದೇ ಇಲ್ಲ. ಬಿಟ್ಟಾಗ ಮಾತ್ರ ಕೈಕೊಟ್ಟುಬಿಡುತ್ತೆ.

ಇದೇ 911ರಲ್ಲಿ ಇನ್ನೊಂದು ತಮಾಷೆ ಇದೆ. ಇಂಜಿನ್ನನ್ನ ಹಿಂದಿನ ಚಕ್ರಕ್ಕಿಂತಲೂ ಹಿಂದೆ ನೇತುಹಾಕೋದು ಪಾಠದ ಪ್ರಕಾರ ತಪ್ಪು. 1975ರ ಟರ್ಬೊ (ಇಂಜಿನ್ನಿಗೆ ಗಾಳಿ ಒತ್ತಿ ತುಂಬಿಸಿ ಶಕ್ತಿ ಏರಿಸೋ) ಮಾದರಿ ಓಡಿಸಿದವರಿಗೆ ಈ ತಪ್ಪು ಎದೆಗೇ ಬರ್ತಿತ್ತು. ಮೂರು ಲೀಟರ್, 260 ಅಶ್ವಶಕ್ತಿ, ನಾಲ್ಕೇ ಗೇರು. ಎಕ್ಸಲರೇಟರ್ ಒತ್ತಿದರೆ ಮೊದಲು ಏನೂ ಆಗಲ್ಲ, ಆಮೇಲೆ ಒಮ್ಮೆಲೇ ಯಾರೋ ಹಿಂದಿನಿಂದ ದಬ್ಬಿದ ಹಾಗೆ. ಅದೂ ತಿರುವಿನ ಮಧ್ಯೆ. ಹೆದರಿ ಕಾಲು ತೆಗೆದಿರೋ, ಕಾರಿನ ಬಾಲ ಮುಂದೆ ಬಂದು ದಾರಿ ತೋರಿಸುತ್ತೆ. ಆಗಿನ ಇಂಜಿನಿಯರನ್ನ ಕೇಳಿದ್ದರೆ ಇದಕ್ಕೆ ಖದರು ಅಂತಿರಲಿಲ್ಲ, ತಲೆನೋವು ಅಂತಿದ್ದ. ಅರವತ್ತು ವರ್ಷ ಆ ತಲೆನೋವಿಗೆ ಮದ್ದು ಅರೆದಿದ್ದಾರೆ. ಆದರೂ ಹುಟ್ಟುಗುಣ ಸುಟ್ಟರೂ ಹೋಗಲ್ಲ. ಇವತ್ತಿನ 911ರಲ್ಲೂ ತಿರುವಿಂದ ಹೊರಬರುವಾಗ ಹಿಂಭಾಗ ಕೂತು ನೆಲ ಒದೆಯೋ ಗತ್ತು ಹಾಗೇ ಇದೆ. ಹಾಗಾಗಿ ಹೊಸ ಕಾರುಗಳಲ್ಲಿ ನಾನು ವಿನಾಯಿತಿ ಕೊಡೋ ಕೆಲವೇ ಗಾಡಿಗಳಲ್ಲಿ ಇದೂ ಒಂದು.

ಆ ಕಂಪನಿಯವರೇ ಒಮ್ಮೆ ಎಡವಿದ್ದೂ ಉಂಟು. 2013ರಲ್ಲಿ 911 ಜಿಟಿ3 ಬಂದಾಗ ಮ್ಯಾನ್ಯುವಲ್ ಗೇರನ್ನೇ ತೆಗೆದುಹಾಕಿದರು. ಎರಡು ಕ್ಲಚ್ಚಿನ ಆಟೊಮ್ಯಾಟಿಕ್ಕೇ ವೇಗ, ಇನ್ನೇನು ಬೇಕು ಅನ್ನೋ ಲೆಕ್ಕ. ಸ್ಟಾಪ್‌ವಾಚ್ ಪ್ರಕಾರ ಲೆಕ್ಕ ಸರಿ ಇತ್ತು. ಅಭಿಮಾನಿಗಳು ಗಲಾಟೆ ಮಾಡಿದರು. 2016ರಲ್ಲಿ ಮ್ಯಾನ್ಯುವಲ್ ಮಾತ್ರ ಇರೋ 911 ಆರ್ ಅನ್ನ 991 ಕಾರಿಗೆ ಸೀಮಿತ ಮಾಡಿ ತಂದರು. ಜನ ಮುಗಿಬಿದ್ದರು, ಮರುಮಾರಾಟದ ಬೆಲೆ ಆಕಾಶಕ್ಕೇರಿತು. ಮರುವರ್ಷ ಜಿಟಿ3ಗೂ ಮ್ಯಾನ್ಯುವಲ್ ವಾಪಸ್ ಬಂತು. ನಿಧಾನ ಆಗೋ ಗೇರ್‌ಬಾಕ್ಸಿಗೆ ಜನ ಹಟ ಹಿಡಿದು ಕಾದರು ಅನ್ನೋದನ್ನ ನೆನೆದಾಗೆಲ್ಲ ನನಗೆ ನಗು ಬರುತ್ತೆ. ನಾನೂ ಆ ಹಟದವನೇ ಅನ್ನೋದು ಬೇರೆ ಮಾತು.

ಇನ್ನು ಸದ್ದು. 2011ರಲ್ಲಿ ಬಿಎಂಡಬ್ಲ್ಯು ಎಂ5 ಟರ್ಬೊ ಇಂಜಿನ್ನಿಗೆ ಹೊರಳಿದಾಗ, ಒಳಗೆ ಕೂತವರಿಗೆ ಇಂಜಿನ್ನಿನ ಸದ್ದನ್ನ ಸ್ಪೀಕರಿನಿಂದ ಕೇಳಿಸಿದರು. ನಾಟಕದಲ್ಲಿ ತಗಡು ಅಲ್ಲಾಡಿಸಿ ಗುಡುಗು ಮಾಡ್ತಾರಲ್ಲ, ಹಾಗೆ. ಅದೇ ಹೊತ್ತಿಗೆ ಲೆಕ್ಸಸ್ ಕಂಪನಿ ಎಲ್‌ಎಫ್‌ಎ ಅಂತ 500 ಕಾರು ಮಾತ್ರ ಮಾಡಿತು. ಅದರ ಹತ್ತು ಸಿಲಿಂಡರಿನ ಇಂಜಿನ್ 0.6 ಸೆಕೆಂಡಿನಲ್ಲಿ ಐಡಲ್‌ನಿಂದ 9,000 ಆರ್‌ಪಿಎಂಗೆ ಏರ್ತಿತ್ತು. ಮುಳ್ಳಿನ ಮೀಟರಿಗೆ ಅಷ್ಟು ಬೇಗ ಓಡೋಕೆ ಆಗಲ್ಲ ಅಂತ ಡಿಜಿಟಲ್ ಮೀಟರ್ ಹಾಕಿದರು. ಸದ್ದು ಹದ ಮಾಡೋಕೆ ಯಮಹಾದವರು ಕೈಜೋಡಿಸಿದ್ದರು. ಎರಡೂ ಹೊಸ ಕಾಲದ ಕಾರುಗಳೇ. ಒಂದರಲ್ಲಿ ಸದ್ದು ಇಂಜಿನ್ನಿನ ಹೊಟ್ಟೆಯಿಂದ ಬಂತು, ಇನ್ನೊಂದರಲ್ಲಿ ಸ್ಪೀಕರಿನ ಬಾಯಿಂದ. ಹಳೇದು ಹೊಸದು ಅಂತ ಗೆರೆ ಎಳೆಯೋದು ಸುಲಭ ಅಲ್ಲ ಅಂತ ನಾನು ಹೇಳೋದು ಇದಕ್ಕೇ.

ಎಲೆಕ್ಟ್ರಿಕ್ ಕಾರುಗಳ ಬಗ್ಗೆ ನನ್ನ ಪೂರ್ವಗ್ರಹ ಮುಚ್ಚಿಡಲ್ಲ. 2023ರ ಹ್ಯುಂಡೈ ಅಯಾನಿಕ್ 5 ಎನ್‌ನಲ್ಲಿ ಇಲ್ಲದ ಎಂಟು ಗೇರುಗಳನ್ನ ಇದ್ದ ಹಾಗೆ ತೋರಿಸೋ ವ್ಯವಸ್ಥೆ ಇದೆ. ಗೇರ್ ಬದಲಾದ ಹಾಗೆ ಮೋಟಾರು ಒಂದು ಕ್ಷಣ ತಡೆದು ಕುಲುಕುತ್ತೆ, ಜೊತೆಗೆ ಸುಳ್ಳು ಸದ್ದು. ಸರಿಯಾದ ಹೊತ್ತಿಗೆ ಗೇರ್ ಏರಿಸದಿದ್ದರೆ ಕಾರು ತಡವರಿಸುತ್ತೆ. ಓದಿದಾಗ ಬೊಂಬೆಯಾಟ ಅಂತ ಉಗಿದಿದ್ದೆ. ಎಂ5ನ ಸ್ಪೀಕರಿಗೆ ಉಗಿದ ಬಾಯಿಂದಲೇ ಈಗ ಇದನ್ನ ಹೇಳೋಕೆ ಮುಜುಗರ, ಆದರೂ ಹೇಳ್ತೀನಿ: ಇಲ್ಲಿ ಸುಳ್ಳು ಕಿವಿಗೆ ಮಾತ್ರ ಅಲ್ಲ, ಕೈಗೂ ಕೆಲಸ ಕೊಡುತ್ತೆ. ತಪ್ಪು ಮಾಡೋ ಅವಕಾಶ ಕೊಡುತ್ತೆ. ತಪ್ಪು ಮಾಡೋಕೇ ಬಿಡದ 600 ಅಶ್ವಶಕ್ತಿಯ ನಿಜಕ್ಕಿಂತ ಈ ಸುಳ್ಳು ನನಗೆ ಹತ್ತಿರ ಅನ್ನಿಸುತ್ತೆ.

ಹಳೇ ಥರದ್ದೇ ಮತ್ತೆ ಮಾಡಬಹುದಲ್ಲ ಅನ್ನೋರಿಗೆ ಒಂದು ಮಾತು. ಮಾಡೋಕೆ ಬಿಡಲ್ಲ, ಬಿಡಬಾರದು ಕೂಡ. ಬಾನೆಟ್‌ನಿಂದ ಕಣ್ಣು ತೆರೆದ ಹಾಗೆ ಮೇಲೇಳೋ ದೀಪಗಳು ಹೊಸ ಕಾರುಗಳಲ್ಲಿ ಕೊನೆಯಾಗಿದ್ದು 2004ರಲ್ಲಿ, ಕಾರ್ವೆಟ್ ಸಿ5 ಮತ್ತು ಲೋಟಸ್ ಎಸ್ಪ್ರಿ ಜೊತೆಗೆ. ನನಗೆ ಬಹಳ ಇಷ್ಟ ಅವು. ಆದರೆ ರಸ್ತೆ ದಾಟೋನ ಮೂಳೆ ಮುರಿಯೋ ಚೂಪನ್ನ ಬಾನೆಟ್ ಮೇಲೆ ಇಡಬೇಡಿ ಅಂತ ನಿಯಮ ಬಿಗಿಯಾದರೆ, ಅದಕ್ಕೆ ನಾನು ಎದುರಾಡೋಕಾಗುತ್ತಾ? ಗೆಳೆಯನ ಗಾಡಿಯಲ್ಲಿ ಸ್ಟೀರಿಂಗಿನ ಉಕ್ಕಿನ ಸರಳು ನೆಟ್ಟಗೆ ನನ್ನ ಎದೆ ನೋಡ್ತಾ ಇತ್ತು. ಅದು ಖದರಲ್ಲ.

ತೂಕ ಮಾತ್ರ ಬೇರೆ ವಿಷಯ. ಅದಕ್ಕೆಲ್ಲ ಸುರಕ್ಷತೆಯ ನೆಪ ಹೇಳೋದನ್ನ ನಾನು ಒಪ್ಪಲ್ಲ. ಲೋಟಸ್ ಕಟ್ಟಿದ ಕಾಲಿನ್ ಚಾಪ್‌ಮನ್‌ಗೆ ತೂಕ ಇಳಿಸೋದೇ ಹುಚ್ಚು. 1962ರ ಎಲಾನ್ 700 ಕೆ.ಜಿ.ಗೂ ಕಡಿಮೆ ಇತ್ತು. ಅದೇ ಹೆಸರಿನ ಕಂಪನಿ ಈಗ ಎರಡು ಟನ್ ದಾಟಿದ ಎಸ್‌ಯುವಿ ಮಾರುತ್ತೆ. ಇತ್ತ ಮಜ್ದಾದವರು ಅದೇ ಎಲಾನ್ ನೋಡಿ ಕಲಿತು, 1989ರಲ್ಲಿ ಎಂಎಕ್ಸ್-5 ತಂದರು. ಕುದುರೆ ಮತ್ತು ಸವಾರ ಒಂದೇ ದೇಹ ಅನ್ನೋ ಅರ್ಥದ ‘ಜಿನ್ಬಾ ಇತ್ತೈ’ ಅನ್ನೋ ಜಪಾನಿ ಮಾತು ಅವರ ಮಂತ್ರ. 2015ರಲ್ಲಿ ಬಂದ ಅದರ ನಾಲ್ಕನೇ ತಲೆಮಾರು, ಗಾಳಿಚೀಲ, ಎಬಿಎಸ್ ಎಲ್ಲ ಹೊತ್ತುಕೊಂಡೂ ಒಂದು ಟನ್ ಆಸುಪಾಸಿನಲ್ಲೇ ನಿಂತಿದೆ. 2017ರ ಹೊಸ ಆಲ್ಪೀನ್ ಎ110 ಕೂಡ 1,100 ಕೆ.ಜಿ. ಅಷ್ಟೇ. ಮನಸ್ಸಿದ್ದರೆ ಆಗುತ್ತೆ. ಕಾರು ವಿನ್ಯಾಸಕ ಗೋರ್ಡನ್ ಮರ್ರಿ ಅದನ್ನ ಎರಡು ಸಲ ತೋರಿಸಿದ್ದಾರೆ: 1992ರ ಮೆಕ್ಲಾರೆನ್ ಎಫ್1, ಎಬಿಎಸ್ ಇಲ್ಲ, ಪವರ್ ಸ್ಟೀರಿಂಗ್ ಇಲ್ಲ, 627 ಅಶ್ವಶಕ್ತಿ, 1998ರಲ್ಲಿ ಗಂಟೆಗೆ 386 ಕಿ.ಮೀ. ಓಡಿದ್ದು. ಆಮೇಲೆ ಟಿ.50, ಹನ್ನೆರಡು ಸಿಲಿಂಡರ್, 12,100 ಆರ್‌ಪಿಎಂ, ಮ್ಯಾನ್ಯುವಲ್ ಗೇರು, ತೂಕ ಒಂದು ಟನ್ನಿಗೂ ಕಡಿಮೆ. ಮಾಡಿದ್ದು 100 ಮಾತ್ರ, ಅದೂ ಕುಬೇರರಿಗೆ. ಒಂದು ಕಾಲಕ್ಕೆ ಬಡ ಗಾಡಿಗಳಿಗೆ ಬಿಟ್ಟಿಯಾಗಿ ಬರ್ತಿದ್ದ ಕಷ್ಟಕ್ಕೆ ಈಗ ಹೆಚ್ಚುವರಿ ದುಡ್ಡು ಕೊಡಬೇಕು.

ನನ್ನ ಮಾತೂ ನಾಳೆ ಹಳಸಬಹುದು, ಗೊತ್ತು. 90ರ ದಶಕದ ಕೊನೆಗೆ 911ರ ಇಂಜಿನ್ ಗಾಳಿಯಿಂದ ತಣಿಯೋದು ನಿಲ್ಲಿಸಿ ನೀರಿಗೆ ಹೊರಳಿದಾಗ, ಮುಗೀತು ಕಥೆ ಅಂದವರೆಷ್ಟೋ. ಆಗ ಲೇವಡಿ ಮಾಡಿಸಿಕೊಂಡ ಅದೇ ಕಾರನ್ನ ಈಗ ಹುಡುಕಿಕೊಂಡು ಕೊಳ್ಳೋರಿದ್ದಾರೆ. ಈಗಿನ ಪರದೆ ತುಂಬಿದ ಕಾರುಗಳಿಗೂ ಹಾಗೆ ಭಕ್ತರು ಹುಟ್ಟಬಹುದು. ಆದರೆ ಆ ಪರದೆ ಸತ್ತಾಗ, ಒಳಗಿನ ಸಾಫ್ಟ್‌ವೇರ್ ಬರೆದವರು ಕೈಬಿಟ್ಟಾಗ, ಮೂವತ್ತು ವರ್ಷದ ನಂತರ ಅದನ್ನ ಬದುಕಿಸೋರು ಯಾರು? ಈ ಪ್ರಶ್ನೆಗೆ ನನಗಿನ್ನೂ ಸಮಾಧಾನದ ಉತ್ತರ ಸಿಕ್ಕಿಲ್ಲ.

ಗೆಳೆಯನ ಗಾಡಿ ಅವತ್ತು ವಾಪಸ್ ಬರುವಾಗ ಐಡಲ್‌ನಲ್ಲಿ ನಡುಗೋಕೆ ಶುರುವಾಯಿತು. ಎರಡು ಕಾರ್ಬ್ಯುರೇಟರುಗಳ ಹೊಂದಾಣಿಕೆ ತಪ್ಪಿದೆ ಅಂದ. ಬಾನೆಟ್ ಎತ್ತಿ, ಏರ್ ಫಿಲ್ಟರ್ ಬಿಚ್ಚಿ, ಒಂದು ಮೊಳ ಉದ್ದದ ರಬ್ಬರ್ ಪೈಪನ್ನ ನನ್ನ ಕೈಗೆ ಕೊಟ್ಟ. ಒಂದು ತುದಿ ನನ್ನ ಕಿವಿಗೆ, ಇನ್ನೊಂದು ಕಾರ್ಬ್ಯುರೇಟರಿನ ಬಾಯಿಗೆ. ಉಸ್ಸ್ ಅಂತ ಗಾಳಿ ಎಳೆಯೋ ಸದ್ದು. ಪಕ್ಕದ್ದಕ್ಕೆ ಹಿಡಿದೆ, ಅಲ್ಲೂ ಉಸ್ಸ್. ಎರಡೂ ಒಂದೇ ಅಂದೆ.

“ಸರಿಯಾಗಿ ಕೇಳೋ ಮಾರಾಯ.”

ಮತ್ತೆ ಹಿಡಿದೆ. ಅತ್ತಿಂದಿತ್ತ ನಾಲ್ಕೈದು ಸಲ ಆದ ಮೇಲೆ ಎರಡನೇದರ ಉಸಿರು ಒಂದು ಎಳೆ ಜಾಸ್ತಿ ಅನ್ನಿಸಿತು. ಹೇಳಿದೆ. ಅವನು ಸ್ಕ್ರೂ ಕಾಲು ಸುತ್ತು ತಿರುಗಿಸಿದ, ನಡುಕ ನಿಂತಿತು.